ಕಾರ್ಡು ಕೂಡ್ರತೈತಿ, ತಡೀತೈತೇನು?

ಮಾಲತೇಶಪ್ಪನ ಕೈಯಿಂದ ಸ್ಟೇರಿಂಗ್ ಬಿಡಿಸಿದ್ದು ಅವನ ಕಣ್ಣುಗಳೇ. ಬ್ಯಾಡಗಿಯಿಂದ ಹಿರೇಕೆರೂರು, ಹಾವೇರಿ, ಹುಬ್ಬಳ್ಳಿ ಎಂದು ಅರ್ಧ ಆಯುಷ್ಯ ಸರ್ಕಾರಿ ಬಸ್ಸು ಓಡಿಸಿದ ಮನುಷ್ಯ. ನೇರ ಎದುರಿಗಿದ್ದದ್ದು ಈಗಲೂ ಸ್ವಚ್ಛವಾಗಿ ಕಾಣುತ್ತಿತ್ತು. ಆದರೆ ಎಡಬಲದಿಂದ ನುಗ್ಗುವ ಸೈಕಲ್ಲಾಗಲಿ, ಆಡಾಗಲಿ, ಕೂಸಾಗಲಿ ತೀರ ಮುಂದೆ ಬರುವ ತನಕ ಕಣ್ಣಿಗೆ ಬೀಳುತ್ತಿರಲಿಲ್ಲ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಅಂಚಿನ ನೋಟ ಹೋಗಿದೆ, ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದು ಹುಬ್ಬಳ್ಳಿಯ ಡಾಕ್ಟರು ಹನಿ ಔಷಧಿ ಬರೆದುಕೊಟ್ಟರು. ಇಲಾಖೆಯವರು ಅವನನ್ನು ಮನೆಗೆ ಕಳಿಸದೆ ಬ್ಯಾಡಗಿ ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಕೋಣೆಯಲ್ಲಿ ಒಂದು ಕುರ್ಚಿ ಕೊಟ್ಟರು. ಯಾವ ಬಸ್ಸು ಬಂತು, ಯಾವುದು ಹೋಯಿತು ಎಂದು ನೋಡಿಕೊಳ್ಳುವ ಕೆಲಸ. ಯಾರ ಮೇಲೂ ಸಿಟ್ಟಾಗುವಂತಿರಲಿಲ್ಲ. ಮಾಡಿದ್ದು ಸರಿ ಎಂದು ಅವನಿಗೂ ಗೊತ್ತಿತ್ತು. ಆದರೂ ಕಿಟಕಿಯಾಚೆ ಬಸ್ಸು ಹಿಂದಕ್ಕೆ ಸರಿದು ತಿರುಗುವಾಗಲೆಲ್ಲ ಕುರ್ಚಿಯಲ್ಲಿದ್ದ ಅವನ ಬಲಗಾಲು ತಾನಾಗಿಯೇ ನೆಲ ಒತ್ತುತ್ತಿತ್ತು.

ಮಗಳು ಪುಷ್ಪಲತಾ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ, ಹ್ಯಾಂಡ್‌ಬಿಲ್ಲುಗಳನ್ನು ಜೋಡಿಸಿಕೊಡುತ್ತಿದ್ದಳು. ಅವಳು ಕಂಪ್ಯೂಟರ್ ಕೋರ್ಸ್ ಕಲಿಯುವಾಗ ಇದ್ದುದರಲ್ಲೇ ಅಗ್ಗದ್ದೆಂದು ಬಿಡಿಭಾಗ ಜೋಡಿಸಿಸಿ ತಂದದ್ದು ಅದು. ಎರಡು ಸಾವಿರದ ಏಳರ ಹೊತ್ತಿಗೆ ಹಳೆಯದಾಗಿತ್ತು. ಆ ವರ್ಷ ಮಳೆಗಾಲ ಶುರುವಾಗುವಾಗ ಒಂದು ದಿನ ತಂದೆ ಮಗಳು ಹಾವೇರಿಗೆ ಹೋಗಿದ್ದರು. ಪುಷ್ಪಲತಾ ಸೈಬರ್ ಕೆಫೆಯಲ್ಲಿ ಯಾವುದೋ ಫೈಲು ಕಳಿಸುತ್ತಿದ್ದಳು. ಗಿರಾಕಿಗಳಿಲ್ಲದ ಹೊತ್ತು, ಕೆಫೆಯ ಮಾಲೀಕ ತನ್ನ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟದಲ್ಲಿ ಮುಳುಗಿದ್ದ. ಮಾಲತೇಶಪ್ಪ ಅವನ ಹಿಂದೆ ನಿಂತು ನೋಡಿದ. ಘಾಟಿನ ತಿರುವು ಬಂತು. ತಡೆಯಲಾಗಲಿಲ್ಲ.

"ಗೇರ್ ಇಳಸ್ರಿ, ಇಲ್ಲಾಂದ್ರ ಉರುಳತೈತಿ."

ಮಾಲೀಕ ತಿರುಗಿ ನೋಡುವುದರೊಳಗೆ ಲಾರಿ ಉರುಳಿಯೇ ಬಿಟ್ಟಿತು. ಅವನು ನಕ್ಕು, "ಹಂಗಾರ ನೀವ ಕುಂದ್ರಿ ಯಜಮಾನ್ರ," ಎಂದು ಎದ್ದು ಜಾಗ ಬಿಟ್ಟ.

ಮಾಲತೇಶಪ್ಪ ಕುಳಿತ. ಮೊದಲು ಎರಡು ಸಲ ಗೋಡೆಗೆ ಗುದ್ದಿದ, ಯಾಕೆಂದರೆ ಆ ಆಟದ ದೇಶದಲ್ಲಿ ಗಾಡಿಗಳು ಬಲಕ್ಕೆ ಓಡುತ್ತಿದ್ದವು. ಮೂರನೆಯ ಸಲ ತಿರುವು ದಾಟಿ, ಸೇತುವೆ ದಾಟಿ, ದೂರ ಹೋದ. ಆಗ ಅವನಿಗೆ ಒಂದು ಸಂಗತಿ ಹೊಳೆಯಿತು. ಇಡೀ ರಸ್ತೆ ಆ ಪರದೆಯ ಚೌಕಟ್ಟಿನೊಳಗೇ ಇತ್ತು. ಚೌಕಟ್ಟು ಪೂರ್ತಿ ಅವನಿಗೆ ಉಳಿದಿದ್ದ ನೋಟದೊಳಗೇ ಇತ್ತು. ಅಂಚಿನಾಚೆಯಿಂದ ಏನೂ ನುಗ್ಗಿ ಬರುವಂತಿರಲಿಲ್ಲ. ಇಲ್ಲಿ ಅವನು ಎಲ್ಲರಷ್ಟೇ ನೋಡಬಲ್ಲ.

ಮುಂದಿನ ಸಲ ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೋದವನು ಅದೇ ಆಟದ ಸಿಡಿ ಕೊಂಡು ತಂದ.

ಮನೆಯ ಕಂಪ್ಯೂಟರಿನಲ್ಲಿ ಆಟ ತುಂಬಿಕೊಂಡಿತು, ಆದರೆ ಶುರುವಾಗಲಿಲ್ಲ. ಪರದೆ ಒಮ್ಮೆ ಕಪ್ಪಾಗಿ, ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು.

"ಗ್ರಾಫಿಕ್ಸ್ ಕಾರ್ಡ್ ಬೇಕಂತ ಅಪ್ಪಾ," ಪುಷ್ಪಲತಾ ಓದಿ ಹೇಳಿದಳು. "ನಮ್ಮದ್ರಾಗ ಬ್ಯಾರೆ ಕಾರ್ಡ್ ಇಲ್ಲ. ಬೋರ್ಡಿನಾಗ ಇದ್ದದ್ದ ಚಿತ್ರಾ ತೋರಸ್ತೈತಿ. ಪತ್ರಿಕಿ ಮಾಡಾಕ ಅಷ್ಟ ಸಾಕು, ಆಟಕ್ಕ ಸಾಲೂದಿಲ್ಲ."

"ಹಾಕಿದ್ರ ಆತು."

"ಹಳೇ ಮಶೀನ್ ಐತಿ. ತಡೀತೈತೋ ಇಲ್ಲೋ ಮೊದ್ಲ ತೋರಸಬೇಕು. ನನ್ನ ಕೆಲಸೆಲ್ಲಾ ಅದರಾಗ ಐತಿ, ಮರೀಬ್ಯಾಡ."

ಅಷ್ಟರಲ್ಲಿ ಆಷಾಢ ಹಿಡಿಯಿತು. ಲಗ್ನಪತ್ರಿಕೆಗಳ ಕೆಲಸ ನಿಂತಿತು. ಅಪ್ಪ ದಿನಾ ಕೇಳುವುದನ್ನು ತಾಳಲಾರದೆ ಪುಷ್ಪಲತಾ ಒಪ್ಪಿದಳು. ಮಾಲತೇಶಪ್ಪ ರಜೆ ಹಾಕಿ, ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಚಾದರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದ.

ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯ ರಮಜಾನನನ್ನು ಪುಷ್ಪಲತಾ ಮೊದಲಿನಿಂದ ಬಲ್ಲಳು. ಮೂವತ್ತರ ಆಸುಪಾಸಿನವನು, ಮಾತು ಕಡಿಮೆ. ಪಕ್ಕದ ತಗಡು ಬಿಚ್ಚಿ ಧೂಳು ಊದಿ ಒಳಗೆ ಟಾರ್ಚ್ ಬಿಟ್ಟು ನೋಡಿದವನೇ ತಲೆಯಾಡಿಸಿದ.

"ಕಾಕಾ, ಇಲ್ಲಿ ನೋಡ್ರಿ. ಕಾರ್ಡ್ ಕೂಡ್ರೂ ಉದ್ದನ ಸ್ಲಾಟ್ ಈ ಜಾಗಾದಾಗ ಇರಬೇಕಿತ್ತು. ಬೋರ್ಡ್ ಅಗ್ಗ ಮಾಡಾಕ ಅದನ್ನ ಹಚ್ಚೇ ಇಲ್ಲ. ಬರೇ ತೂತು ಬಿಟ್ಟಾರ."

ಮಾಲತೇಶಪ್ಪ ಬಗ್ಗಿ ನೋಡಿದ. ಹಸಿರು ಹಲಗೆಯ ಮೇಲೆ ಸಾಲಾಗಿ ಸಣ್ಣ ತೂತುಗಳು. "ಸೀಟಿನ ಬೋಲ್ಟಿಗೆ ತೂತು ಐತಿ, ಸೀಟ್ ಇಲ್ಲ ಅಂದಂಗ ಆತು."

"ಹಾಂ, ಹಂಗ ಅನ್ರಿ."

"ಬ್ಯಾರೆ ದಾರಿ ಇಲ್ಲೇನಪಾ?"

ರಮಜಾನ ಕೆಳಗಿದ್ದ ಎರಡು ಬಿಳಿ ಸ್ಲಾಟುಗಳ ಮೇಲೆ ಬೆರಳಿಟ್ಟ. ಇವುಗಳಿಗೆ ಹೊಂದುವ ಕಾರ್ಡುಗಳೂ ಇವೆ, ಈಗ ಸಿಗುವುದು ಅಪರೂಪ, ಓಟವೂ ನಿಧಾನ ಎಂದ. ಅಂಥದ್ದೊಂದು ಅವನ ಬಳಿಯೇ ಬಿದ್ದಿತ್ತು. ಆಟದ ಸಿಡಿಯ ಹಿಂದೆ ಅಚ್ಚಾಗಿದ್ದುದನ್ನು ಓದಿ, ಪ್ರೊಸೆಸರ್ ಅಂಚಿನಲ್ಲಿ ಪಾಸಾಗುತ್ತದೆ, ರ್‍ಯಾಮ್ ಸಾಕು ಎಂದು ಲೆಕ್ಕ ಹಾಕಿದ. ಆಮೇಲೆ ಡಬ್ಬಿಯ ಮೂಲೆಯಲ್ಲಿದ್ದ, ಒಳಗಿನದಕ್ಕೆಲ್ಲ ಕರೆಂಟು ಹಂಚುವ ಪವರ್ ಸಪ್ಲೈಯ ಸ್ಕ್ರೂ ಬಿಚ್ಚಿ ಹೊರತೆಗೆದು ಮಾಲತೇಶಪ್ಪನ ಒಂದು ಕೈಯಲ್ಲಿಟ್ಟ. ಇನ್ನೊಂದು ಕೈಯಲ್ಲಿ ಶೆಲ್ಫಿನಿಂದ ತೆಗೆದ ಬೇರೆ ಸಪ್ಲೈ ಇಟ್ಟ.

"ಯಾವುದು ವಜ್ಜಿ ಐತಿ?"

"ಇದು. ನಮ್ಮದು ಖಾಲಿ ಡಬ್ಬಿ ಇದ್ದಂಗ ಐತಿ."

"ಎರಡರ ಮ್ಯಾಲೂ ವ್ಯಾಟಿಂದು ಒಂದ ಅಂಕಿ ಬರದೈತಿ ನೋಡ್ರಿ. ನಿಮ್ಮದ್ರಾಗ ಒಳಗ ಮಾಲ್ ಇಲ್ಲ. ಕಾರ್ಡು ಕೂಡ್ರತೈತಿ ಕಾಕಾ, ಆದ್ರ ಈ ಸಪ್ಲೈ ತಡೀತೈತಿ ಅಂತ ನಾ ಹೇಳಾಕ ಬರೂದಿಲ್ಲ. ಕೆಲವು ವರ್ಷಗಟ್ಟಲೆ ನಡದಾವು. ಕೆಲವು ಒಂದ ದಿನಕ್ಕ ಸುಟ್ಟಾವು. ಸುಡೂವಾಗ ಒಮ್ಮೊಮ್ಮೆ ಹಾರ್ಡ್ ಡಿಸ್ಕನ್ನೂ ಸಂಗಾಟ ಕರ್ಕೊಂಡು ಹೋಗತಾವು."

"ಒಮ್ಮೆ ಹಚ್ಚಿ ನೋಡೂಣಲ್ಲ."

ರಮಜಾನ ಶೆಲ್ಫಿನ ಸಪ್ಲೈಯನ್ನೇ ಜೋಡಿಸಿ ಕಾರ್ಡು ಕೂಡ್ರಿಸಿದ. ಮೊದಲು ಪರದೆ ಕತ್ತಲಾಗಿಯೇ ಉಳಿಯಿತು. ಮಾನಿಟರಿನ ವೈರನ್ನು ಕಾರ್ಡಿಗೆ ಬದಲಿಸಿ, ಒಳಗಿನ ಸೆಟ್ಟಿಂಗ್ ತಿದ್ದಿದ ಮೇಲೆ ಬೆಳಕು ಬಂತು. ಆಟ ಶುರುವಾಯಿತು. ಇಂಜಿನ್ನಿನ ಸದ್ದು ಕೇಳಿದ್ದೇ ಮಾಲತೇಶಪ್ಪನ ಬೆನ್ನು ನೆಟ್ಟಗಾಯಿತು.

ಆ ಸಪ್ಲೈ ಬೇರೆ ಗಿರಾಕಿಯದು, ಇವತ್ತೇ ಒಯ್ಯಲು ಬರುತ್ತಾರೆ ಎಂದ ರಮಜಾನ. ಹೊಸದನ್ನು ಹುಬ್ಬಳ್ಳಿಯಿಂದ ತರಿಸಲು ವಾರ ಬೇಕು; ಅಲ್ಲಿಯ ತನಕ ಕಂಪ್ಯೂಟರ್ ಅಂಗಡಿಯಲ್ಲೇ ಇರಲಿ. ಮಾಲತೇಶಪ್ಪ ಒಪ್ಪಲಿಲ್ಲ. ಮಗಳಿಗೆ ಕೆಲಸವಿದೆ ಎಂದು ನೆಪ ತೆಗೆದು, ಹಳೆಯ ಸಪ್ಲೈ ಹಾಕಿಕೊಡು, ಕಾರ್ಡೂ ಇರಲಿ ಎಂದು ಹಟ ಹಿಡಿದ.

"ಟೈಪಿಂಗ್ ಅಷ್ಟ ಮತ್ತ," ರಮಜಾನ ಕೊನೆಗೆ ಸ್ಕ್ರೂ ತಿರುವುತ್ತ ಹೇಳಿದ. "ಸಪ್ಲೈ ಬರೂ ತನಕ ಆಟ ಹಚ್ಚಬ್ಯಾಡ್ರಿ."

ಬ್ಯಾಡಗಿಗೆ ಮರಳುವ ಬಸ್ಸಿನಲ್ಲಿ ಡಬ್ಬಿಯನ್ನು ಅಪ್ಪಿಕೊಂಡು ಕುಳಿತವನಿಗೆ ಹಿರೇಕೆರೂರಿನ ಒಂದು ಮುಂಜಾನೆ ನೆನಪಾಯಿತು. ಬ್ರೇಕು ಸರಿಯಾಗಿ ಹಿಡಿಯುತ್ತಿಲ್ಲವೆಂದು ಅವನು ಬಸ್ಸು ಹೊರಡಿಸಿರಲಿಲ್ಲ. ಸಂತೆಗೆ ಹೊರಟ ಜನ ಬೈದರು. ಒಬ್ಬ ಕೊರಳಪಟ್ಟಿಗೆ ಕೈಹಾಕಿದ. "ಸಾವಕಾಶ ಹೊಡಕೊಂಡು ಹೋಗು ಮಾರಾಯ," ಎಂದರು. ಅವನು ಜಗ್ಗಲಿಲ್ಲ. ಆ ನೆನಪನ್ನು ಈಗ ಅವನು ಪಕ್ಕಕ್ಕೆ ಸರಿಸಿದ. ಇದು ಬಸ್ಸಲ್ಲ, ಇದರಲ್ಲಿ ಜನ ಕುಳಿತಿಲ್ಲ ಎಂದುಕೊಂಡ.

"ರಮಜಾನಣ್ಣ ಏನಂದ್ರು?" ಮನೆಗೆ ಬಂದಾಗ ಪುಷ್ಪಲತಾ ಕೇಳಿದಳು.

"ಎಲ್ಲಾ ಬರೋಬ್ಬರಿ ಐತಿ ಅಂದ."

ಎರಡು ದಿನ ಎಲ್ಲ ಬರೋಬ್ಬರಿ ನಡೆಯಿತು. ಡ್ಯೂಟಿ ಮುಗಿಸಿ ಬಂದವನು ಚಹಾ ಕುಡಿದು ಲಾರಿ ಹತ್ತುತ್ತಿದ್ದ. ಹೆಂಡತಿ ಜಯವ್ವ ಬಾಗಿಲಲ್ಲಿ ನಿಂತು, "ಸಣ್ಣ ಹುಡುಗರಗತೆ ಆಗ್ಯಾರ ನೋಡು," ಎಂದು ಮಗಳಿಗೆ ಹೇಳಿ ನಗುತ್ತಿದ್ದಳು. ಬಹಳ ದಿನಗಳ ಮೇಲೆ ಅವನು ಊಟಕ್ಕೆ ಕುಳಿತಾಗ ತಾನಾಗಿ ಮಾತು ತೆಗೆಯುತ್ತಿದ್ದ.

ಮೂರನೆಯ ಸಂಜೆ ಲಾರಿ ಬೆಟ್ಟ ಹತ್ತುತ್ತಿದ್ದಾಗ ಕಂಪ್ಯೂಟರ್ ಟಪ್ ಎಂದಿತು. ಪರದೆ ಆರಿತು. ಡಬ್ಬಿಯ ಹಿಂದಿನಿಂದ ಸುಟ್ಟ ವಾಸನೆ ಬಂತು. ಅವನು ಪ್ಲಗ್ ಕಿತ್ತು ಹಾಗೆಯೇ ನಿಂತ.

ಪುಷ್ಪಲತಾ ಅಡುಗೆಮನೆಯಿಂದ ಓಡಿಬಂದಳು. ವಾಸನೆ ಮೂಗಿಗೆ ಬಡಿದದ್ದೇ ಅವಳ ಮುಖ ಬಿಳಿಚಿತು.

"ಹಿಂದಿನ ಓಣಿ ಮಹಮೂದಾಬೇಗಂ ಚಾಚಿ ಮಗಳ ನಿಕಾಹ್ ಪತ್ರಿಕಿ ಅದರಾಗ ಐತಿ ಅಪ್ಪಾ. ನಿನ್ನೆ ಅಷ್ಟ ಕನ್ನಡ, ಉರ್ದು ಎರಡೂ ತಿದ್ದಿ ಮುಗಿಸೇನಿ. ನಾಳೆ ಪ್ರೆಸ್ಸಿಗೆ ಕೊಡಬೇಕು. ಬ್ಯಾರೆ ಕಡೆ ಎಲ್ಲೂ ಇಟ್ಟಿಲ್ಲ."

ಆಷಾಢದಲ್ಲಿ ಕೆಲಸವಿಲ್ಲವೆಂದು ಅವನು ತಿಳಿದಿದ್ದ. ನಿಕಾಹಿಗೆ ಆಷಾಢದ ತಡೆ ಇಲ್ಲವೆಂಬುದು ಹೊಳೆದಿರಲಿಲ್ಲ. ಮಗಳು ಹಗಲೆಲ್ಲ ಏನು ಮಾಡುತ್ತಿದ್ದಾಳೆಂದು ಅವನು ಕೇಳಿಯೂ ಇರಲಿಲ್ಲ.

"ಪುಷ್ಪಾ," ಎಂದ. "ರಮಜಾನ ಆಟ ಹಚ್ಚಬ್ಯಾಡ ಅಂದಿದ್ದ. ಸಪ್ಲೈ ಹಗರ ಐತಿ, ಸುಟ್ಟರ ಡಿಸ್ಕೂ ಹೋಗಬಹುದು ಅಂತ ಬಿಚ್ಚಿ ಹೇಳಿದ್ದ. ನಾ ನಿನಗ ಸುಳ್ಳ ಹೇಳಿದೆ."

ಅವಳು ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು. "ಬ್ಯಾರೇ ಯಾರರ ಹಿಂಗ ಬ್ಯಾಡ ಅಂದ ಗಾಡಿ ತಗದಿದ್ರ ನೀ ಏನ ಅಂತಿದ್ದಿ?" ಎಂದಷ್ಟೇ ಕೇಳಿ ಒಳಗೆ ಹೋದಳು.

ಬೆಳಗಾಗುತ್ತಲೇ ಇಬ್ಬರೂ ರಾಣೆಬೆನ್ನೂರಿನ ಬಸ್ಸು ಹತ್ತಿದರು. ಡಬ್ಬಿಯನ್ನು ಇಬ್ಬರ ನಡುವೆ ಇಟ್ಟುಕೊಂಡಿದ್ದರು. ಮೋಟೆಬೆನ್ನೂರಿನಲ್ಲಿ ಬಸ್ಸು ಹೆದ್ದಾರಿಗೆ ಹೊರಳುವಾಗ ಡಬ್ಬಿ ಜಾರಿತು. ಇಬ್ಬರೂ ಒಟ್ಟಿಗೆ ಕೈಚಾಚಿ ಹಿಡಿದರು.

ಅಂಗಡಿಯಲ್ಲಿ ರಮಜಾನ ಬಾಯಿ ತೆರೆಯುವ ಮೊದಲೇ ಮಾಲತೇಶಪ್ಪ, "ನೀ ಬ್ಯಾಡ ಅಂದಿ, ನಾ ಕೇಳಲಿಲ್ಲ. ತಪ್ಪು ನಂದು," ಎಂದ. ರಮಜಾನ ಡಬ್ಬಿ ಬಿಚ್ಚಿದ. ಸಪ್ಲೈಯ ಒಳಗೆ ಒಂದು ಮೂಲೆ ಕಪ್ಪಾಗಿತ್ತು. ಅದನ್ನು ಬದಿಗಿಟ್ಟು, ಡಿಸ್ಕನ್ನು ಬಿಡಿಸಿ ತನ್ನ ಕಂಪ್ಯೂಟರಿಗೆ ಸಿಕ್ಕಿಸಿದ. ಡಿಸ್ಕು ಗುಯ್ಯೆಂದು ತಿರುಗಿತು. ಪುಷ್ಪಲತಾ ಪರದೆಗೆ ಮುಖ ತಾಗುವಷ್ಟು ಬಾಗಿ, ಒಂದೊಂದೇ ಫೋಲ್ಡರ್ ತೆರೆಯುತ್ತ ಹೋದಳು. ನಿಕಾಹ್ ಪತ್ರಿಕೆ ಬಂತು: ಮೇಲೆ ಉರ್ದುವಿನ ಬಳ್ಳಿ ಅಕ್ಷರ, ಕೆಳಗೆ ಅವಳ ಕನ್ನಡ ಸಾಲುಗಳು, ಎಲ್ಲ ಇದ್ದಲ್ಲೇ ಇದ್ದವು. ಅವಳು ಗೋಡೆಗೆ ಒರಗಿ ಉಸಿರು ಬಿಟ್ಟಳು. ಆಮೇಲೆ ಮೊದಲು ಮಾಡಿದ ಕೆಲಸವೆಂದರೆ ತನ್ನದೆಲ್ಲವನ್ನೂ ಸಿಡಿಗೆ ಬರೆಸಿಕೊಂಡು ಚೀಲಕ್ಕೆ ಹಾಕಿಕೊಂಡದ್ದು.

"ಪುಣ್ಯಾ ಮಾಡೀರಿ," ಎಂದ ರಮಜಾನ. "ಬೋರ್ಡೂ ಜೀವಂತ ಇದ್ದಂಗ ಐತಿ. ತಡೀರಿ, ಒಮ್ಮೆ ಪೂರಾ ನೋಡ್ತೇನಿ." ವಾರ ಬೇಕೆಂದಿದ್ದ ಹುಬ್ಬಳ್ಳಿಯ ಸಪ್ಲೈ ಬೇಗನೆ, ಹಿಂದಿನ ದಿನವೇ ಬಂದಿತ್ತು. ಅದನ್ನು ಹೊರಗಿನಿಂದಲೇ ಜೋಡಿಸಿ, ಕಾರ್ಡು ಕೂಡ್ರಿಸಿ, ಒಳಗೆ ಬಿಸಿ ಎಷ್ಟಾಗುತ್ತದೆ ನೋಡೋಣವೆಂದು ಆಟ ಹಚ್ಚಿದ. "ಕಾಕಾ, ಸ್ವಲ್ಪ ಹೊತ್ತು ಓಡಸ್ರಿ. ಭಾರ ಬಿದ್ದಾಗ ನೋಡಬೇಕು."

ಮಾಲತೇಶಪ್ಪ ಹಿಂಜರಿದ. ಮಗಳ ಕಡೆ ನೋಡಿದ.

"ಓಡಸಪಾ," ಎಂದಳು ಪುಷ್ಪಲತಾ.

ಅವನು ಕುಳಿತ. ಘಾಟು ಬಂದಾಗ ಗೇರ್ ಇಳಿಸಿದ, ತಿರುವಿಗೆ ಮೊದಲೇ ವೇಗ ತಗ್ಗಿಸಿದ, ಎದುರಿನ ಗಾಡಿಗೆ ದಾರಿ ಬಿಟ್ಟ. ಸ್ವಲ್ಪ ಹೊತ್ತಿಗೆ ಅಂಗಡಿ ಮರೆತುಹೋಯಿತು. ಒಂದು ನೇರ ರಸ್ತೆ ಬಂದಾಗ ಅವನಿಗೆ ಅನ್ನಿಸಿತು, ಪುಷ್ಪಾ ಪರದೆ ನೋಡುತ್ತಿಲ್ಲ, ತನ್ನನ್ನು ನೋಡುತ್ತಿದ್ದಾಳೆ.

"ನಿನಗ ಇದೆಲ್ಲಾ ಕಾಣತೈತೇನು?" ಅವಳು ಕೇಳಿದಳು.

"ಎಲ್ಲಾ ಕಾಣತೈತಿ. ಇದರಾಗ ಬಾಜೂಕ ಏನೂ ಇಲ್ಲಲ್ಲ."

ಅವಳು ರಮಜಾನನ ಕಡೆ ತಿರುಗಿದಳು. "ರಮಜಾನಣ್ಣ, ಖರೇ ಹೇಳ್ರಿ. ಈ ಹಳೇ ಮಶೀನು ಇದನ್ನ ತಡೀತೈತೇನು?"

ರಮಜಾನ ಕಾರ್ಡಿನ ಬೆನ್ನಿಗೆ ಬೆರಳು ತಾಗಿಸಿ ನೋಡಿದ. "ಈ ಸಪ್ಲೈ ಇದ್ರ ತಡೀತೈತಿ. ಬಾಜೂಕ ಒಂದು ಫ್ಯಾನ್ ಹಚ್ಚಿಕೊಡ್ತೇನಿ. ಆದ್ರ ಇದರ ಮ್ಯಾಲ ಇನ್ನೇನೂ ಏರಸಾಕ ಹೋಗಬ್ಯಾಡ್ರಿ. ಇದ ಕೊನೀದು."

"ಹಚ್ಚರಿ ಹಂಗಾರ."

ಮನೆಗೆ ಬಂದ ಮೇಲೆ ಅವಳು ಕಟ್ಟಳೆ ಮಾಡಿದಳು. ಹಗಲು ಕಂಪ್ಯೂಟರ್ ಅವಳದು, ಸಂಜೆ ಅಪ್ಪನದು. ಅವಳ ಕೆಲಸ ಸಿಡಿಗೆ ಹೋಗದೆ ಲಾರಿ ಹೊರಡುವಂತಿಲ್ಲ. ಮಾಲತೇಶಪ್ಪ ಒಪ್ಪಿದ. ದಿನಾ ಸಂಜೆ ಕುಳಿತುಕೊಳ್ಳುವ ಮುಂಚೆ "ಪುಷ್ಪಾ, ಗಾಡಿ ತಗೀಲೇನು?" ಎಂದು ಕೇಳುವುದು ರೂಢಿಯಾಯಿತು. ಅವಳು ಒಮ್ಮೊಮ್ಮೆ "ತಡಿ" ಅನ್ನುತ್ತಿದ್ದಳು. ಅವನು ತಡೆಯುತ್ತಿದ್ದ.

ಶ್ರಾವಣ ಬಂದು ಪತ್ರಿಕೆಗಳ ಕೆಲಸ ಮತ್ತೆ ಶುರುವಾದ ಮೇಲೊಂದು ಸಂಜೆ ಜಯವ್ವ ಕೈ ಒರೆಸಿಕೊಳ್ಳುತ್ತ ಬಂದು ಅವನ ಪಕ್ಕದಲ್ಲಿ ಕುಳಿತಳು. ಇಷ್ಟು ವರ್ಷ ಅವನ ಬಸ್ಸಿನಲ್ಲಿ ಅವಳು ಹತ್ತಿದ್ದು ಅಪರೂಪ. ಹತ್ತಿದರೂ ಹೆಂಗಸರ ಜೊತೆ ಹಿಂದಿನ ಸೀಟಿನಲ್ಲಿ ಕುಳಿತು ಬಂದವಳು. ಮುಂದಿನ ಗಾಜಿನಿಂದ ರಸ್ತೆ ಹೇಗೆ ಬರುತ್ತದೆಂದು ನೋಡಿದವಳಲ್ಲ.

"ಇಷ್ಟ ಖಾಲಿ ರಸ್ತಾ? ಮಂದಿ ಇಲ್ಲೇನು ಈ ಊರಾಗ?"

"ಇಲ್ಲ."

"ದನಾನೂ ಇಲ್ಲ?"

"ಒಂದೂ ಇಲ್ಲ."

"ಎಲ್ಲಿಗೆ ಹೊಂಟೈತಿ ಗಾಡಿ?"

"ಸಮುದ್ರದ ದಂಡಿಗೆ. ಅಲ್ಲಿ ಹಡಗಿಗೆ ಮಾಲ್ ಏರಸಬೇಕು."

ಜಯವ್ವ ಸೆರಗು ಸರಿಮಾಡಿಕೊಂಡು ಪರದೆಯ ಹತ್ತಿರಕ್ಕೆ ಕುರ್ಚಿ ಎಳೆದಳು. "ಸಾವಕಾಶ ಹೋಗ್ರಿ," ಎಂದಳು. "ಸಮುದ್ರ ಬಂದ ಮ್ಯಾಲ ರೊಟ್ಟಿ ಬಡಿಯಾಕ ಏಳತೇನಿ."