ವಾರ ಕಳೆದು ಬಂದ ಕಾಲುನೋವು

ಮೈಕೈ ನೋವಿಗೆ ಕಾರಣ ಹುಡುಕಲು ನಮ್ಮ ಕಡೆ ಯಾರೂ ದೂರ ಹೋಗುವುದಿಲ್ಲ. ಭತ್ತದ ನೇಜಿ ನೆಟ್ಟರೆ ಗದ್ದೆಯ ನೋವು, ಬಲೆ ಎಳೆದರೆ ಬಲೆಯ ನೋವು. ಜೊತೆಗೆ ಜ್ವರವೂ ಬಂದರೆ, ಮಳೆಗಾಲ ಅಲ್ವಾ, ಕಷಾಯ ಕುಡಿದು ಮಲಗಿದರಾಯಿತು. ಕಾಪುವಿನ ತಿಲಕನ ಮನೆಯಲ್ಲೂ ಹೀಗೇ ಅಂದುಕೊಂಡರು.

ತಿಲಕ ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ಮೀನು ಮಾರುವವನು. ಆಟಿ ತಿಂಗಳ ಜಡಿಮಳೆಗೆ ದೋಣಿಗಳು ದಡ ಸೇರಿದರೆ ಅವನ ಪೆಟ್ಟಿಗೆಯೂ ಖಾಲಿ. ಎರಡು ಸಾವಿರದ ಮೂರನೆಯ ಇಸವಿಯ ಆಟಿಯಲ್ಲಿ ಗೆಳೆಯ ಹನುಮೇಶ ಒಂದು ಸುದ್ದಿ ತಂದ. ಹನುಮೇಶ ಕೊಪ್ಪಳದ ಕಡೆಯವನು, ಮಣಿಪಾಲದಲ್ಲಿ ಟೈಲ್ಸ್ ಹಾಕುವ ಕೆಲಸ. ಕಡಿಯಾಳಿಯ ಸೈಕಲ್ ಅಂಗಡಿಯ ಲಿಯೋನೆಲ್ ತನ್ನ ಬಳಗದವರಿಗಾಗಿ ಒಂದು ಸೈಕಲ್ ಯಾತ್ರೆ ಏರ್ಪಡಿಸಿದ್ದನಂತೆ. ಡಾಮರು ರಸ್ತೆಯಲ್ಲಲ್ಲ. ಕಾರ್ಕಳದಿಂದ ಬಜಗೋಳಿಯ ಕಡೆಗೆ, ಗದ್ದೆಗಳ ನಡುವಿನ ಹುಣಿ, ಗುಡ್ಡದ ಕಾಲುದಾರಿ, ಕಾಡಿನ ಅಂಚು ಹಿಡಿದು.

“ನಿತ್ಯ ತುಳಿದು ಸಾಕಾಗಲಿಲ್ವಾ ನಿನಗೆ? ರಜೆಯಲ್ಲೂ ಅದೇ ಎಂತಕ್ಕೆ?” ಎಂದು ತಾಯಿ ಅಮ್ಮಣ್ಣಿ ನಕ್ಕಳು.

“ಪೆಟ್ಟಿಗೆ ಇಲ್ಲದೆ ತುಳಿದರೆ ಹೇಗಿರ್ತದೆ ಅಂತ ನೋಡ್ಬೇಕಮ್ಮ,” ಎಂದ ತಿಲಕ.

ಯಾತ್ರೆಯ ಬೆಳಿಗ್ಗೆ ಮಳೆ ನಿಂತು ಮಂಜು ಇಳಿದಿತ್ತು. ಮುಂದೆ ಹೋಗುವ ಹನುಮೇಶನ ಬೆನ್ನು ಒಮ್ಮೆ ಕಾಣುತ್ತಿತ್ತು, ಒಮ್ಮೆ ಕರಗುತ್ತಿತ್ತು. ಭಾರವಿಲ್ಲದ ಸೈಕಲ್ಲು ಬೇರೆ ಯಾರದೋ ಅನ್ನುವಷ್ಟು ಹಗುರ. ನೇಜಿ ನೆಟ್ಟ ಗದ್ದೆಗಳ ನೀರಿನಲ್ಲಿ ಆಕಾಶ ಇಳಿದುಬಂದು ಮಲಗಿತ್ತು. ಕಿರಿದಾದ ಹುಣಿಯ ಎಡಕ್ಕೂ ಮೋಡ, ಬಲಕ್ಕೂ ಮೋಡ, ನಡುವೆ ತಾನು. ಮೀನು ಕೂಗುವುದಿಲ್ಲ, ಹಾರ್ನ್ ಒತ್ತುವುದಿಲ್ಲ, ಯಾರೂ ಕಾಯುತ್ತಿಲ್ಲ. ಎಚ್ಚರದಲ್ಲೇ ಕನಸು ಬಿದ್ದ ಹಾಗಿತ್ತು ತಿಲಕನಿಗೆ.

ಒಂದು ತಿರುವಿನಲ್ಲಿ ಚಕ್ರ ಜಾರಿತು. ತಿಲಕ ಮೋಡದೊಳಕ್ಕೇ ಬಿದ್ದ. ಎದ್ದು ಕೆಸರು ಒರೆಸಿಕೊಂಡು ಎಲ್ಲರ ಜೊತೆ ತಾನೂ ನಕ್ಕ. ಪೆಡಲಿನ ಅಂಚು ತಾಗಿ ಕಣಕಾಲು ತರಚಿದ್ದು ಗೊತ್ತೇ ಆಗಲಿಲ್ಲ. ಆ ಗಾಯದ ಕಾಲಲ್ಲೇ ತೋಡಿನ ಹರಿವ ನೀರು ದಾಟಿದ, ದನದ ಹಟ್ಟಿಯ ಹಿಂದೆ ನಿಂತ ನೀರಿನಲ್ಲಿ ಸೈಕಲ್ ಹೊತ್ತು ನಡೆದ. ಬಜಗೋಳಿಯಲ್ಲಿ ಬಿಸಿ ಗಂಜಿ ಉಂಡು, ಒದ್ದೆ ಚಪ್ಪಲಿಯಲ್ಲೇ ಮನೆಗೆ ಬಂದ.

ಮರುದಿನ ಬಳಗದಲ್ಲಿ ಎಲ್ಲರಿಗೂ ಕಾಲುನೋವು. ಎರಡು ದಿನದಲ್ಲಿ ಎಲ್ಲರದೂ ಇಳಿಯಿತು, ತಿಲಕನದೂ.

ವಾರ ಕಳೆದ ಮೇಲೆ ತಿಲಕನಿಗೆ ನಡುಕದೊಂದಿಗೆ ಜ್ವರ ಬಂತು. ತಲೆ ಸಿಡಿಯುತ್ತಿತ್ತು, ಕಣ್ಣು ಕೆಂಪಾಗಿತ್ತು, ಕಾಲಿನ ಮೀನಖಂಡ ಮುಟ್ಟಗೊಡದಷ್ಟು ನೋವು.

“ಸೈಕಲ್ ತುಳಿದ ನೋವು ಮಗ, ಅದರದೇ ಜ್ವರ,” ಎಂದು ಅಮ್ಮಣ್ಣಿ ಕಾಳುಮೆಣಸಿನ ಕಷಾಯ ಕೊಟ್ಟಳು.

ತಿಲಕ ಕಣ್ಣು ಮುಚ್ಚಿದರೆ ಚಾಪೆಯೇ ಗದ್ದೆಯ ಹುಣಿ. ಎರಡೂ ಕಡೆ ಮತ್ತೆ ಅದೇ ಮೋಡ. ಎಷ್ಟು ತುಳಿದರೂ ದಾರಿ ಮುಗಿಯದು, ಇಳಿಯೋಣವೆಂದರೆ ಕಾಲು ನೆಲಕ್ಕೆ ಎಟುಕದು. ದೂರದಲ್ಲಿ ಯಾರೋ ತನ್ನನ್ನು ಕರೆದಂತಾಗುತ್ತಿತ್ತು.

ಕರೆಯುತ್ತಿದ್ದವನು ಹನುಮೇಶ, ಚಾಪೆಯ ಪಕ್ಕದಲ್ಲೇ ಕೂತಿದ್ದ. ತಿಲಕನ ಕಣ್ಣಿನ ಬಿಳಿ ಹಳದಿಗೆ ತಿರುಗಿತ್ತು.

“ಕಾಮಾಲೆ ಇರ್ಬೇಕು. ನಾಳೆ ಸೊಪ್ಪಿನ ಮದ್ದಿಗೆ ಹೋಗ್ತೇವೆ,” ಎಂದಳು ಅಮ್ಮಣ್ಣಿ. “ಕಾಲುನೋವು ಸೈಕಲ್ಲಿನದು.”

“ಅಮ್ಮಾ, ಸೈಕಲ್ ನಾನೂ ತುಳಿದೀನಿ. ನನ್ನ ನೋವು ಎರಡ ದಿನಕ್ಕ ಹೋತು. ಇವನದು ವಾರ ಬಿಟ್ಟು ಯಾಕ ಬಂತು?” ಎಂದ ಹನುಮೇಶ. ಉತ್ತರಕ್ಕೆ ಕಾಯದೆ ಹೋಗಿ, ಊರಿನ ಆರೋಗ್ಯ ಕೇಂದ್ರದ ಸಿಸ್ಟರ್ ಸಿಸಿಲಿಯಾರನ್ನು ಕರೆದುಕೊಂಡು ಬಂದ.

ಸಿಸಿಲಿಯಾ ತಿಲಕನ ಕಣ್ಣು ನೋಡಿದರು, ಒಣಗುತ್ತಿದ್ದ ಕಣಕಾಲಿನ ಗಾಯ ನೋಡಿದರು. ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು ಕೇಳಿದರು. ಕಡಿಮೆ, ಅದೂ ಕಡು ಬಣ್ಣ, ಎಂದ ತಿಲಕ.

“ಇದು ಇಲಿಜ್ವರ ಇರಬಹುದು ಅಮ್ಮಣ್ಣಿಯಕ್ಕ. ಇವತ್ತೇ ಆಸ್ಪತ್ರೆಗೆ ಹೋಗ್ಬೇಕು.”

“ಇವನಿಗೆ ಇಲಿ ಕಚ್ಚಲೇ ಇಲ್ಲ, ಬಾಯಮ್ಮ.”

“ಕಚ್ಚಬೇಕಂತ ಇಲ್ಲ. ಇಲಿ, ನಾಯಿ, ದನದ ಮೂತ್ರ ಮಳೆನೀರಿಗೆ ಸೇರ್ತದೆ. ರೋಗಾಣು ಆ ಕೆಸರಲ್ಲಿ ಉಂಟು. ಕಾಲಿನ ಗಾಯದಿಂದ ಒಳಗೆ ಹೋಗ್ತದೆ.”

“ನಾವು ನೀರಲ್ಲೇ ಬೆಳೆದವರು. ನಮಗೆ ನೀರಿನಿಂದ ಎಂತ ಆಗ್ತದೆ?”

“ಕಡಲಿನ ನೀರು ಬೇರೆ, ಹಟ್ಟಿಯ ಹಿಂದೆ ನಿಂತ ನೀರು ಬೇರೆ ಅಲ್ವಾ?”

ಅಮ್ಮಣ್ಣಿ ಒಪ್ಪಲಿಲ್ಲ. ಆಗ ಹನುಮೇಶ ಪ್ಯಾಂಟು ಮೊಣಕಾಲಿಗೆ ಮಡಚಿ ಅವಳ ಮುಂದೆ ಕಾಲು ಚಾಚಿದ. “ಒತ್ತಿ ನೋಡ್ರಿ ಅಮ್ಮಾ. ಅದೇ ದಾರಿ ತುಳಿದ ಕಾಲು.”

ಅಮ್ಮಣ್ಣಿ ಸಂಕೋಚದಿಂದಲೇ ಒತ್ತಿದಳು. ಹನುಮೇಶ ಸುಮ್ಮನೆ ಕೂತಿದ್ದ. ಆಮೇಲೆ ಮಗನ ಮೀನಖಂಡದ ಮೇಲೆ ಬೆರಳು ಇಟ್ಟಳಷ್ಟೆ, ತಿಲಕ ನರಳಿ ಕಾಲು ಎಳೆದುಕೊಂಡ.

“ರಿಕ್ಷಾ ಕರಿ, ಮಗ,” ಎಂದಳು ಹನುಮೇಶನಿಗೆ.

ಉಡುಪಿಯ ಆಸ್ಪತ್ರೆಯಲ್ಲಿ ಡಾಕ್ಟರು ಕೇಳುವ ಮೊದಲೇ ಹನುಮೇಶ ಹೇಳಿದ: “ಗಾಯ ಇತ್ರೀ, ಕೆಸರು ನೀರಿಗೆ ಇಳಿದಿದ್ದ.” ಡಾಕ್ಟರು ರಕ್ತ ಪರೀಕ್ಷೆಗೆ ಕಳಿಸಿ, ವರದಿಗೆ ಕಾಯದೆ ಅಂದೇ ಇಂಜೆಕ್ಷನ್ ಶುರುಮಾಡಿದರು. ಮೂತ್ರಪಿಂಡಕ್ಕೆ ಆಗಲೇ ಪೆಟ್ಟು ಬೀಳತೊಡಗಿತ್ತು, ತಡಮಾಡಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು. ಅಮ್ಮಣ್ಣಿ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದಳು.

ಕೆಲವು ದಿನ ಕಳೆದು ಜ್ವರ ಇಳಿಯಿತು. ಮುಗಿಯದ ಹುಣಿ ಕೊನೆಗೂ ಮುಗಿದು, ತನ್ನ ಕಾಲು ಮೆಲ್ಲಗೆ ಮಣ್ಣಿಗೆ ತಾಗಿದ ಹಾಗೆ ತಿಲಕನಿಗೆ ಎಚ್ಚರವಾಯಿತು. ಕಿಟಕಿಯಲ್ಲಿ ಎಳೆ ಬಿಸಿಲು. ಹಸಿವಾಗುತ್ತಿತ್ತು.

“ಮುಂದಿನ ವರ್ಷವೂ ಹೋಗ್ತಿಯಾ?” ಅಮ್ಮಣ್ಣಿ ಕೇಳಿದಳು.

“ಬೇಡ ಅಂತೀಯಾ?”

ಅವಳು ಮಗನ ಕಣಕಾಲಿನ ಕಲೆಯ ಮೇಲೆ ಬೆರಳಾಡಿಸಿದಳು. “ಹೋಗು. ಬೂಟು ಹಾಕಿಕೊಂಡು ಹೋಗು. ಬಂದ ಕೂಡಲೇ ಸಾಬೂನು ಹಾಕಿ ಕಾಲು ತೊಳಿ.”

ಮರುವರ್ಷ ಮಳೆಗಾಲದಲ್ಲಿ, ನೇಜಿ ನೆಡಲು ಹೋಗಿದ್ದ ನೆರೆಮನೆಯ ಸೊಸೆಗೆ ಜ್ವರ ಬಂತು. ನೆಟ್ಟ ನೋವು, ನಾಳೆಗೆ ಹೋಗ್ತದೆ ಎಂದರು ಆ ಮನೆಯವರು. ಅಮ್ಮಣ್ಣಿ ಚರ್ಚೆಗೆ ನಿಲ್ಲಲಿಲ್ಲ. ಕೊಡೆ ಹಿಡಿದು ಬಂದು, ಆ ಹುಡುಗಿಯನ್ನು ಕೈಹಿಡಿದು ಎಬ್ಬಿಸಿ, ತಾನೇ ಆರೋಗ್ಯ ಕೇಂದ್ರಕ್ಕೆ ನಡೆಸಿಕೊಂಡು ಹೋದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಗದ್ದೆಗೆ ಇಳಿಯಬೇಡಿ, ಸೈಕಲ್ ತುಳಿಯಬೇಡಿ ಎಂದು ಯಾರೂ ಹೇಳುವುದಿಲ್ಲ. ಗೆಳೆಯರನ್ನು ಕರೆದುಕೊಂಡು ಹೋಗಿ, ಮಂಜಿನಲ್ಲಿ ಮೈಮರೆಯಿರಿ. ಆದರೆ ಗಾಯವಿದ್ದರೆ ನೀರು ಹೋಗದಂತೆ ಮುಚ್ಚಿ, ನಿಂತ ನೀರಿಗೆ ಬರಿಗಾಲಲ್ಲಿ ಇಳಿಯಬೇಡಿ, ಮನೆಗೆ ಬಂದು ಸಾಬೂನಿನಿಂದ ತೊಳೆಯಿರಿ. ಆಮೇಲಿನ ಒಂದು ತಿಂಗಳೊಳಗೆ ಜ್ವರ ಬಂದರೆ, ಅದರಲ್ಲೂ ಮೀನಖಂಡ ನೋಯುತ್ತಿದ್ದರೆ, ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ. ಡಾಕ್ಟರಿಗೆ ಮೊದಲು ಈ ಮಾತು ಹೇಳಿ: “ನಾನು ಕೆಸರು ನೀರಿಗೆ ಇಳಿದಿದ್ದೆ.” ಹೊತ್ತಿಗೆ ಹೇಳಿದ ಆ ಒಂದು ಮಾತು ಜೀವ ಉಳಿಸುತ್ತದೆ.