ಇಸ್ತ್ರಿ ಕೋಣೆಯ ಫ್ರೆಂಚ್

ಇಸ್ತ್ರಿಪೆಟ್ಟಿಗೆಯ ತಳಕ್ಕೆ ಸುಟ್ಟು ಹಿಡಿದಿದ್ದ ಗಂಜಿಯನ್ನು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದೆ. ಪಕ್ಕದಲ್ಲಿ ಅತ್ತಿಗೆ ತನ್ನ ಪೆಟ್ಟಿಗೆಗೆ ನೀರು ತುಂಬಿಸುತ್ತಿದ್ದಳು. ಬೆಳಿಗ್ಗೆ ಬರುವಾಗಲೇ ದಣಿದಿದ್ದೆವು.

ನಮ್ಮ ಕಾರ್ಖಾನೆಯ ಅಂಗಿಗಳನ್ನು ಕೊಳ್ಳುವ ಫ್ರಾನ್ಸಿನ ಮೇಡಂ ಬರುವವರಿದ್ದರು. ಅವರ ಭಾಷೆಯಲ್ಲಿ ನಾಲ್ಕು ಮಾತು ಕಲಿಯಬೇಕೆಂದು ಮಾಲೀಕರ ಅಪ್ಪಣೆ. ಆಫೀಸಿನ ಅಕ್ಕ ಊಟದ ಹೊತ್ತಿಗೆ ಬಂದು ಹೇಳಿಕೊಡುತ್ತಿದ್ದಳು. ಆಮೇಲೆ ಇಸ್ತ್ರಿ ತಿಕ್ಕುತ್ತಲೇ ಬಾಯಿಪಾಠ: ಕಾಲರಿಗೆ ಬೊಂಜೂರ್ ಎಂಬ ನಮಸ್ಕಾರ, ತೋಳಿಗೆ ಮೆರ್ಸಿ ಎಂಬ ಥ್ಯಾಂಕ್ಸ್.

"ಅವರು ಸ ವಾ ಅಂದ್ರೆ ಚೆನ್ನಾಗಿದ್ದೀರಾ ಅಂತ. ನೀವೂ ಸ ವಾ ಅನ್ನಿ. ಚೆನ್ನಾಗಿದ್ದೀವಿ ಅಂತಾಗುತ್ತೆ," ಎಂದಳು ಅಕ್ಕ ಒಂದು ದಿನ.

"ಚೆನ್ನಾಗಿಲ್ಲದಿದ್ರೆ?" ಎಂದಳು ಅತ್ತಿಗೆ.

"ಅದನ್ನ ಕಲಿಸು ಅಂತ ನನಗೆ ಯಾರೂ ಹೇಳಿಲ್ಲ."

"ಸರಿ ಬಿಡು. ಕೇಳಿದ್ದನ್ನೇ ತಿರುಗಿಸಿ ಹೇಳೋದು ನನಗೇನು ಹೊಸದಾ? ಅತ್ತೆ ಜೊತೆ ದಿನಾ ಅದೇ ಮಾಡ್ತೀನಿ." ಅತ್ತೆಯೆಂದರೆ ನಮ್ಮಮ್ಮ. ನಾನು ನಗು ನುಂಗಿಕೊಂಡೆ.

ಅತ್ತಿಗೆ ಬಸುರಿ. ಹಿಂದಿನ ವಾರ ಹಬೆಗೆ ತಲೆಸುತ್ತಿ ಅಂಗಿಗಳ ರಾಶಿಯ ಮೇಲೆ ಕುಸಿದಿದ್ದಳು. ಕೋಣೆಗಿದ್ದ ಒಂದೇ ಕಿಟಕಿಯನ್ನು ಮೊಳೆ ಹೊಡೆದು ಮುಚ್ಚಿದ್ದರು. ತೆಗೆಸಿ ಎಂದರೆ ಮೇಸ್ತ್ರಿ, "ಧೂಳು ಬಂದು ಬಿಳಿ ಅಂಗಿ ಹಾಳಾದ್ರೆ ನೀವು ಒಗೆದುಕೊಡ್ತೀರಾ?" ಎಂದಿದ್ದ. ಅಣ್ಣ ಕಾಲು ಮುರಿದುಕೊಂಡು ಮಲಗಿದ್ದರಿಂದ ಅತ್ತಿಗೆ ಕೆಲಸ ಬಿಡುವಂತೆಯೂ ಇರಲಿಲ್ಲ.

ಸ ವಾ ಕಲಿತ ಆ ದಿನ ಆಫೀಸಿನ ಅಕ್ಕನನ್ನು ಮೆಟ್ಟಿಲ ಬಳಿ ತಡೆದೆ. "ಅಕ್ಕಾ, ದಯವಿಟ್ಟು ಕಿಟಕಿ ತೆಗೆಸಿ ಅನ್ನೋಕೆ ಏನನ್ನಬೇಕು?"

ಅವಳು ಅತ್ತಿತ್ತ ನೋಡಿದಳು. "ನಾನು ಹೇಳಿಕೊಟ್ಟೆ ಅನ್ನಬೇಡ." ಕಿವಿಯಲ್ಲಿ ಎರಡು ಸಲ ಹೇಳಿ ಹೋದಳು.

ಅಂದಿನಿಂದ ಎಲ್ಲರೂ ಬೊಂಜೂರ್ ಅನ್ನುವಾಗ ನಾನು ಕಿಟಕಿಯ ಮಾತನ್ನೇ ಗುನುಗುತ್ತಿದ್ದೆ.

"ಬೇಡ ಕಣೇ," ಎಂದಳು ಅತ್ತಿಗೆ. "ಮನೆಗೆ ಬಂದ ನೆಂಟರ ಮುಂದೇನೇ ಬಾಯಿ ಬಿಡದವಳು ನೀನು. ಇಲ್ಲಿ ಬಿಟ್ಟು ಇಬ್ಬರ ಅನ್ನಕ್ಕೂ ಕಲ್ಲು ಹಾಕ್ತೀಯಾ?"

ಮೇಡಂ ಬಂದ ದಿನ ಸೆಕೆ ಹೆಚ್ಚಿತ್ತು. ಮಾಲೀಕರು ಮುಂದೆ, ಮೇಸ್ತ್ರಿ ಹಿಂದೆ. ನಾವೆಲ್ಲ ಬೊಂಜೂರ್ ಅಂದೆವು. ಮೇಡಂ ನಮ್ಮ ಮೇಜಿನ ಬಳಿ ನಿಂತು ಅತ್ತಿಗೆಯನ್ನು ಕೇಳಿದರು, "ಸ ವಾ?"

ಅತ್ತಿಗೆಯ ತುಟಿ ಬಿಳಿಚಿಕೊಂಡಿತ್ತು. ಮೇಜಿನ ಅಂಚು ಹಿಡಿದುಕೊಂಡು, "ಸ ವಾ," ಎಂದಳು.

ಮೇಡಂಗೆ ಖುಷಿಯಾಯಿತು. ಅವರು ಹೊರಡುವಷ್ಟರಲ್ಲಿ ನಾನು ಅಂದೇಬಿಟ್ಟೆ, "ಊವ್ರೆ ಲಾ ಫ್ನೆತ್ರ್, ಸಿಲ್ ವು ಪ್ಲೆ."

ಅವರು ತಿರುಗಿದರು. ಕಿಟಕಿಯನ್ನು ನೋಡಿ, ಮಾಲೀಕರನ್ನು ನೋಡಿದರು. ಮಾಲೀಕರು ಅವರ ಭಾಷೆಯಲ್ಲೇ ಏನೋ ಹೇಳಿ ನಕ್ಕರು. ಮೇಡಂ ಕೂಡ ಸ್ವಲ್ಪ ನಕ್ಕು, ತಲೆಯಾಡಿಸಿ, ಗುಂಡಿ ಹಚ್ಚುವವರ ಕಡೆ ನಡೆದರು.

ಅತ್ತಿಗೆ ಮೆಲ್ಲಗೆ ನೆಲಕ್ಕೆ ಕುಳಿತಳು. ಮೇಡಂಗೆ ಬಾಗಿಲು ಹಿಡಿದು ನಿಂತಿದ್ದ ಮೇಸ್ತ್ರಿಗೆ ನಮ್ಮ ಭಾಷೆಯಲ್ಲೇ ಹೇಳಿದೆ:

"ಮೇಸ್ತ್ರೀ, ಆ ಕಿಟಕಿ ತೆಗೀರಿ."