ನಿಲ್ಲಿಸತಕ್ಕದ್ದಲ್ಲ

ಕಾರ್ಮಿಕ ಕಚೇರಿಯ ಮಾರ್ಗಸೂಚಿ ವಿಭಾಗದಲ್ಲಿ ನಾನು ಟೈಪಿಸ್ಟ್. ಸರ್ಕಾರ ಏನು ಹೇಳುತ್ತದೆ ಎನ್ನುವುದು ಇಪ್ಪತ್ತೆರಡು ವರ್ಷದಿಂದ ಊರಿಗಿಂತ ಮೊದಲು ನನ್ನ ಬೆರಳಿಗೆ ಗೊತ್ತಾಗುತ್ತಿದೆ. ಅರ್ಥವಾಗುತ್ತದೆ ಎಂದು ಮಾತ್ರ ಹೇಳಲಾರೆ. ಬರೆದವರಿಗೇ ಆಗದ್ದು ನನಗೆಲ್ಲಿಂದ ಆಗಬೇಕು?

ಬರೆಯುವವರು ನಮ್ಮ ವಿಭಾಗದ ಅಧಿಕಾರಿ. ಪ್ರತಿ ವಾಕ್ಯವನ್ನೂ 'ತಕ್ಕದ್ದು' ಎಂದೇ ಮುಗಿಸುವ ಅವರನ್ನು ನಾವೆಲ್ಲ ಬೆನ್ನ ಹಿಂದೆ ತಕ್ಕದ್ದು ಸಾಹೇಬರು ಎನ್ನುತ್ತೇವೆ. ಪುಣ್ಯಾತ್ಮರು ಹುಟ್ಟಿದಾಗಿನಿಂದ ಒಂದು ಅಂಗಡಿಯಲ್ಲೂ ಕೆಲಸ ಮಾಡಿದವರಲ್ಲ, ಆದರೆ ಅಂಗಡಿ ಕೆಲಸಗಾರರ ಬಗ್ಗೆ ಹದಿನಾಲ್ಕು ಮಾರ್ಗಸೂಚಿ ಹೊರಡಿಸಿದ್ದಾರೆ.

ಹದಿನೈದನೆಯದು ಬಸುರಿಯರ ಬಗ್ಗೆ. ಅವರನ್ನು ದಿನವಿಡೀ ನಿಂತೇ ದುಡಿಯುವ ಹಾಗೆ ಮಾಡಬಾರದು, ಕೂರಲು ಅನುಕೂಲ ಮಾಡಿಕೊಡಬೇಕು ಎಂದು ಮೇಲಿನವರು ಹೇಳಿಕಳಿಸಿದ್ದರು. ಎರಡು ಮಾತಿನ ವಿಷಯ. ಸಾಹೇಬರು ಮೂರು ವಾರ ತಿಣುಕಿ ಒಂದೇ ವಾಕ್ಯ ಹಡೆದರು: 'ಗರ್ಭಿಣಿ ನೌಕರರನ್ನು ದುಡಿಮೆಯ ವೇಳೆಯಲ್ಲಿ ನಿಲ್ಲಿಸತಕ್ಕದ್ದಲ್ಲ.'

"ಸಾರ್, ಇದನ್ನ ಒಬ್ಬೊಬ್ರು ಒಂದೊಂದು ಥರ ಓದ್ತಾರೆ. ಕೂರೋಕೆ ಕುರ್ಚಿ ಕೊಡಬೇಕು ಅಂತ ಹಾಕಿಬಿಡೋಣ," ಎಂದೆ.

"ಕುರ್ಚಿ ಗಿರ್ಚಿ ಎಲ್ಲ ಸರ್ಕಾರಿ ಕಾಗದದಲ್ಲಿ ಬರಬಾರದಮ್ಮ. ತೂಕ ಇರಲ್ಲ," ಎಂದರು, ತಮ್ಮ ಕುರ್ಚಿಯ ಎರಡನೇ ಮೆತ್ತೆ ಸರಿಮಾಡಿಕೊಳ್ಳುತ್ತ. ನಾನು ಬಾಯಿ ಮುಚ್ಚಿಕೊಂಡು ಟೈಪ್ ಮಾಡಿಕೊಟ್ಟೆ.

ಆ ತೂಕ ಬಂದು ಬಿದ್ದದ್ದು ನನ್ನ ಮಗಳ ಮೇಲೆಯೇ. ಅವಳು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಏಳು ತಿಂಗಳ ಬಸುರಿ. ಅಳಿಯ ಲಾರಿ ಓಡಿಸುತ್ತ ಊರೂರು ಸುತ್ತುವವನು, ಹಾಗಾಗಿ ಅವಳು ನನ್ನ ಜೊತೆಗೇ ಇದ್ದಳು. ಇನ್ನೊಂದು ತಿಂಗಳು ತಳ್ಳಿದರೆ ಹೆರಿಗೆ ರಜೆ, ಅದು ಮುಗಿದ ಮೇಲೆ ಮತ್ತೆ ಅದೇ ಕೆಲಸ. ಒಂದು ಸಂಜೆ ಚಪ್ಪಲಿಯೊಳಗೆ ಹಿಡಿಸದಷ್ಟು ಊದಿದ ಪಾದಗಳನ್ನು ಎಳೆದುಕೊಂಡು ಬಂದಳು.

"ನಾನು ಕೂರ್ತಿದ್ದ ಸ್ಟೂಲು ತೆಗೆಸಿಬಿಟ್ರಮ್ಮ. ಕೆಲಸದ ಹೊತ್ತಲ್ಲಿ ಬಸುರಿಯರನ್ನ ನಿಲ್ಲಿಸಬಾರದಂತೆ. ಕೆಲಸ ನಿಲ್ಲಿಸಿ ಕೂರಿಸಿದ್ರೆ ತಪ್ಪಾಗುತ್ತೆ ಅಂತಾರೆ ಮಾಲೀಕರು."

ನನಗೆ ಮೈಯೆಲ್ಲ ಉರಿಯಿತು. "ಬಾ, ಈಗಲೇ ಹೋಗಿ ಅವನಿಗೆ ಅಕ್ಷರ ಕಲಿಸ್ತೀನಿ."

"ಬೇಡಮ್ಮ, ಕೆದಕಬೇಡ. ಹೋದ ವರ್ಷ ಇಬ್ಬರು ಬಸುರಿಯರನ್ನ ಮನೆಗೆ ಕಳಿಸಿದ್ರು. ನನ್ನನ್ನ ಯಾಕೋ ಇಟ್ಕೊಂಡಿದ್ದಾರೆ. ಒಂದು ತಿಂಗಳು ಹೇಗೋ ನಿಂತ್ಕೊಳ್ತೀನಿ."

ಆ 'ಯಾಕೋ' ಯಾಕೆಂದು ನಾನು ಯೋಚಿಸಬೇಕಿತ್ತು. ಸಿಟ್ಟು ಬಂದಾಗ ನಾನು ಯಾರ ಮಾತನ್ನು ಕಿವಿಗೆ ಹಾಕಿಕೊಂಡಿದ್ದೇನೆ?

ಮಾರನೆಯ ದಿನ ಸ್ಪಷ್ಟೀಕರಣ ಹೊರಡಿಸಿ ಎಂದು ಸಾಹೇಬರ ತಲೆ ತಿಂದೆ. ಅವರು ಬರೆದುಕೊಟ್ಟರು: 'ನಿಲ್ಲಿಸತಕ್ಕದ್ದಲ್ಲ ಎಂಬುದನ್ನು ನಿಲ್ಲಿಸತಕ್ಕದ್ದಲ್ಲ ಎಂದೇ ಓದಿಕೊಳ್ಳತಕ್ಕದ್ದು.' ಇದಕ್ಕೂ ಸಂಬಳ ಕೊಡುತ್ತಾರೆ ಈ ಮಹಾನುಭಾವರಿಗೆ.

ಅವರು ಕಾಫಿಗೆ ಹೋದಾಗ ಅವರ ಕುರ್ಚಿಯನ್ನು ಎಳೆದುಕೊಂಡು ಹೋಗಿ ಹಳೇ ಕಡತಗಳ ಕೋಣೆಗೆ ತಳ್ಳಿ ಬೀಗ ಜಡಿದೆ. ರಿಪೇರಿಗೆ ಹೋಗಿದೆ ಎಂದೆ. ಟೈಪಿಸ್ಟರ ಮರದ ಕುರ್ಚಿಯಲ್ಲಿ ಕೂತರೆ ಅವರ ಘನತೆಗೆ ಕುಂದು, ಆದ್ದರಿಂದ ನಿಂತೇ ಸಹಿ ಹಾಕುತ್ತ ಹೋದರು. ಮಧ್ಯಾಹ್ನದ ಹೊತ್ತಿಗೆ ಮೇಜಿಗೆ ಒರಗಿಕೊಂಡಿದ್ದರು.

"ಕಾಲು ಸೋತು ಹೋಯ್ತಮ್ಮ," ಎಂದರು.

"ನನ್ನ ಮಗಳದ್ದೂ ಸೋತಿದೆ ಸಾರ್. ಅವಳ ಹೊಟ್ಟೆಯಲ್ಲಿ ಇನ್ನೊಂದು ಜೀವ ಬೇರೆ ಇದೆ."

ಅವರು ಕಾಗದ ನನ್ನ ಕಡೆ ತಳ್ಳಿ, "ಹೋಗ್ಲಿ, ನೀವೇ ಬರೀರಿ," ಎಂದರು. ನಾನು ಕೂತು ಟೈಪ್ ಮಾಡಿದೆ: 'ನಿಲ್ಲಿಸತಕ್ಕದ್ದಲ್ಲ ಎಂದರೆ ಕಾಲ ಮೇಲೆ ನಿಲ್ಲಿಸತಕ್ಕದ್ದಲ್ಲ ಎಂದಷ್ಟೇ ಅರ್ಥ. ಕೂರಲು ಕುರ್ಚಿ ಕೊಡತಕ್ಕದ್ದು.' ಆ 'ಅಷ್ಟೇ' ನನ್ನದು. ಮಾಲೀಕ ಇನ್ನೊಂದು ಅರ್ಥ ಹುಡುಕದಿರಲಿ ಎಂದು ಒತ್ತಿ ಒತ್ತಿ ಕುಟ್ಟಿದ್ದೆ. ಸಾಹೇಬರು ಓದದೆ ಸಹಿ ಹಾಕಿದರು. ಬೀಗ ತೆಗೆದು ಕುರ್ಚಿ ಕೊಟ್ಟೆ. ಆ ದಿನ ನನ್ನಷ್ಟು ಬೀಗಿದವರು ಕಚೇರಿಯಲ್ಲಿ ಇನ್ನೊಬ್ಬರಿರಲಿಲ್ಲ.

ಆ ಸ್ಪಷ್ಟೀಕರಣ ಅಂಗಡಿಗೆ ತಲುಪಿದ ದಿನ ನಾನು ಮನೆಗೆ ಬರುವಷ್ಟರಲ್ಲಿ ಮಗಳು ಬಂದು ಗೋಡೆಗೆ ಒರಗಿ ಕೂತಿದ್ದಳು.

"ಹೊಸ ಕುರ್ಚಿ ತರಿಸಿದ್ರಮ್ಮ. ಕೂರು ತಾಯಿ ಅಂದ್ರು. ಆ ಕಾಗದ ಎರಡು ಸಲ ಓದಿದ್ರು. ಆಮೇಲೆ, ನಿನ್ನನ್ನ ಕೆಲಸದಿಂದ ನಿಲ್ಲಿಸಬಾರದು ಅಂತಲೂ ಅರ್ಥ ಇರಬಹುದು ಅಂತ ಇಷ್ಟು ದಿನ ಹೆದರಿ ಇಟ್ಕೊಂಡಿದ್ದೆ, ಈಗ 'ಅಷ್ಟೇ' ಅಂತ ಬಂದಿದೆ, ನಾಳೆಯಿಂದ ಬರಬೇಡ ಅಂದ್ರು."



ಬೆಳಿಗ್ಗೆ ಸಾಹೇಬರ ಮುಂದೆ ಹೋಗಿ ಕೈ ಮುಗಿದೆ. ನಾನು ಯಾರಿಗೂ ಕೈ ಮುಗಿಯುವವಳಲ್ಲ. ಅವರು ಎರಡೂ ಮೆತ್ತೆಗಳ ಮೇಲೆ ಹಾಯಾಗಿ ಕೂತು ಕಾಗದ ನೋಡಿದರು. ಮೊದಲ ಸಲ ಪೂರ್ತಿ ಓದಿದರು ಎಂದು ಕಾಣುತ್ತದೆ.

"ಕೆಲಸದಿಂದ ತೆಗೆಯೋ ವಿಷಯ ಇದರಲ್ಲಿ ಬರಲ್ಲವಲ್ಲಮ್ಮ. ಅದಕ್ಕೆ ಬೇರೆ ಮಾರ್ಗಸೂಚಿ ಆಗಬೇಕು. ಮುಂದಿನ ವರ್ಷ ನೋಡೋಣ. ನನ್ನ ವಾಕ್ಯದಲ್ಲಿ ಎರಡಕ್ಕೂ ಜಾಗ ಇತ್ತು. 'ಅಷ್ಟೇ' ಸೇರಿಸಿದ್ದು ಯಾರು?"

ಜೀವಮಾನದಲ್ಲಿ ಆ ಮನುಷ್ಯ ಸರಿಯಾಗಿ ಓದಿದ ಪದ ಅದೊಂದೇ, ಅದೂ ನನ್ನದು. ನನಗೆ ತಕ್ಕ ಶಾಸ್ತಿಯಾಯಿತು. ಆದರೆ ಅದನ್ನು ಅನುಭವಿಸಬೇಕಾದವಳು ಮಗಳು.

ಸಂಜೆ ಬಂದಾಗ ಅವಳು ಹಾಸಿಗೆಯ ಮೇಲೆ ಕಾಲು ಚಾಚಿ ಕೂತು ಹಳೇ ಸೀರೆ ಹರಿದು ಮಗುವಿಗೆ ಬಟ್ಟೆ ಮಾಡುತ್ತಿದ್ದಳು. ನನ್ನ ಮುಖ ನೋಡಿದ್ದೇ, ಎಲ್ಲ ಗೊತ್ತಾಯಿತು ಅವಳಿಗೆ.

"ನೋಡಮ್ಮ, ಊತ ಇಳಿದಿದೆ," ಎಂದು ಪಾದ ತೋರಿಸಿದಳು. ಇಳಿದಿತ್ತು, ನಿಜ.

ನಾನು ಹೊಸ್ತಿಲಲ್ಲೇ ಇದ್ದೆ. ಒಳಗೆ ಹೋಗಲು ನನಗೆ ಮುಖವಿರಲಿಲ್ಲ.

"ಎಷ್ಟು ಹೊತ್ತು ನಿಂತಿರ್ತೀಯಾ?" ಎಂದು ಅವಳು ಪಕ್ಕಕ್ಕೆ ಸರಿದಳು. "ಬಾ, ಕೂತ್ಕೋ."